ಹೊಳೆ ಬದಿಯ ಕೆಳದಾರಿ

ಹಳೆ ಸ್ಟೇಷನ್ ವಸತಿ
ಸೆಪ್ಟೆಂಬರ್ 3, ಬುಧವಾರ

ಅಕ್ಕಾ, ಅಕ್ಕಾ, ಅಕ್ಕಾ!

ನಿನ್ನ ತಂಗಿ ಬೆಳಗಿನಿಂದ ಸಂಜೆಯವರೆಗೆ ಸೈಕಲ್ ತುಳಿದಿದ್ದಾಳೆ. ಬಿದ್ದದ್ದು ಒಂದೇ ಸಲ, ಅದೂ ಸೈಕಲ್ ನಿಂತಿದ್ದಾಗ. ಅದನ್ನು ನೋಡಿ ನಗುತ್ತಾ ಇವರೂ ಬಿದ್ದರು. (‘ಇವರು’ ಎಂದು ಬರೆಯುವಾಗ ನನಗೇ ಕಚಗುಳಿಯಾಗುತ್ತದೆ. ಇನ್ನೂ ಅಭ್ಯಾಸವಾಗಿಲ್ಲ.)

ಈ ದಾರಿಯನ್ನು ನೀನು ನೋಡಬೇಕು! ರೈಲು ನಿಂತುಹೋದ ಮೇಲೆ ಹಳಿ ಕಿತ್ತು, ಮಣ್ಣು ಗಟ್ಟಿಸಿ, ಸೈಕಲ್ಲಿಗೆ ಮತ್ತು ಕಾಲಿಗೆ ಮಾತ್ರ ಬಿಟ್ಟುಕೊಟ್ಟಿದ್ದಾರೆ. ಕಾರಿಲ್ಲ, ಲಾರಿಯಿಲ್ಲ, ಒಂದು ಬೈಕೂ ಇಲ್ಲ. ಒಂದು ಪಕ್ಕ ಗುಡ್ಡ, ಇನ್ನೊಂದು ಪಕ್ಕ ಆಳದಲ್ಲಿ ಹೊಳೆ. ನಿನ್ನ ಅಣೆಕಟ್ಟೆಯಿಂದ ಇಳಿದು ಬರುವ ಅದೇ ಹೊಳೆ, ಆದರೆ ಇಲ್ಲಿ ಗುರುತೇ ಸಿಗುವುದಿಲ್ಲ, ಅಷ್ಟು ಸಣ್ಣಗಾಗಿದೆ. ದಾರಿಯುದ್ದಕ್ಕೂ ಹಳೆಯ ಕಾಲದ್ದೇ ಎಲ್ಲ: ಕೋಟೆಯ ಗೋಡೆ, ಸುಂಕದ ಕಟ್ಟೆ, ಕಮಾನು ಸೇತುವೆಗಳು. ಇವರು ಪ್ರತಿ ಗೋಡೆಗೂ ಬ್ರೇಕ್ ಹಾಕುತ್ತಾರೆ. ಹಳೆ ಕಟ್ಟಡ ರಿಪೇರಿ ಮಾಡುವವರನ್ನು ಮದುವೆಯಾದರೆ ಹೀಗೇ, ಹನಿಮೂನಿನಲ್ಲೂ ಹೆಂಡತಿಗಿಂತ ಕಲ್ಲನ್ನೇ ಹೆಚ್ಚು ಸವರುತ್ತಾರೆ.

ಫೋನುಗಳನ್ನು ಮನೆಯಲ್ಲೇ ಬಿಟ್ಟು ಬಂದಿದ್ದೇವೆ. ಈ ಕಣಿವೆಯಲ್ಲಿ ಸಿಗ್ನಲ್ ಹೇಗೂ ಇಲ್ಲ. ಅಂಚೆಯವರು ಸೈಕಲ್ಲಿನಲ್ಲೇ ದಿನಾ ಓಡಾಡುತ್ತಾರೆ, ಇವತ್ತು ಹಾಕಿದ್ದು ನಾಳೆ ನಿನ್ನ ಮೇಜಿನ ಮೇಲಿರುತ್ತದಂತೆ. ನಾಳೆ ರಾತ್ರಿಯಿಂದ ಗಿರಣಿ ಮನೆ ಎಂಬ ವಸತಿಯಲ್ಲಿರುತ್ತೇವೆ. ಅಲ್ಲಿಗೇ ಬರೆ.

ಒಂದು ಮಾತು, ನಿನಗೆ ಮಾತ್ರ. ಗಾಡಿಗಳೇ ಇಲ್ಲದಿದ್ದರೆ ಎಷ್ಟು ಚೆನ್ನ ಎಂದುಕೊಂಡಿದ್ದೆನಲ್ಲ, ಮಧ್ಯಾಹ್ನದ ಹೊತ್ತಿಗೆ ನನಗೆ ಹೆದರಿಕೆಯಾಯಿತು. ಇವರು ತಿರುವು ದಾಟಿ ಮುಂದೆ ಹೋಗಿದ್ದರು. ನನ್ನ ಚಕ್ರದ ಸದ್ದು, ನನ್ನ ಉಸಿರು, ಅಷ್ಟೇ. ಬಿದ್ದು ಕೂಗಿದರೂ ಯಾರ ಕಿವಿಗೂ ಬೀಳುವುದಿಲ್ಲ, ಕಿವಿಗೆ ಬಿದ್ದರೂ ಬರಲು ಗಾಡಿಯಿಲ್ಲ. ಇವರಿಗೆ ಹೇಳಲಿಲ್ಲ. ಮದುವೆಯಾದ ಹೊಸದರಲ್ಲೇ ಪುಕ್ಕಲಿ ಎನಿಸಿಕೊಳ್ಳಬೇಕೇ?

ಆಮೇಲೆ ದಿಬ್ಬದ ಮೇಲೆ ನಿನ್ನ ಸೈರನ್ ಕಂಬವೊಂದು ಕಂಡಿತು. ನೆಂಟರನ್ನು ಕಂಡಷ್ಟು ಖುಷಿಯಾಯಿತು! ಮದುವೆಯ ದಿನ ಇವರ ಕೈ ಹಿಡಿದು ಏನು ಹೇಳಿದ್ದೆ, ನೆನಪಿದೆಯಾ? “ನೀವಿಬ್ರೂ ಕಣಿವೆ ದಾಟೋವಾಗ ಸೈರನ್ ಕೂಗಿಸಿ ಹರಸ್ತೀನಿ.” ಎಲ್ಲರೂ ಕೇಳಿಸಿಕೊಂಡಿದ್ದಾರೆ. ತಪ್ಪಿಸಿಕೊಳ್ಳುವ ಹಾಗಿಲ್ಲ.

ನಿನ್ನ
ಗಿರಗಿಟ್ಲೆ

*

ಗೇಟ್ ಕಂಟ್ರೋಲ್ ರೂಮ್
ಸೆಪ್ಟೆಂಬರ್ 4, ಗುರುವಾರ

ಗಿರಗಿಟ್ಲೆ,

ಪತ್ರ ಸೇರಿತು. ನಿನ್ನನ್ನು ಇಂಗ್ಲಿಷ್ ಶಾಲೆಗೆ ಹಾಕಿದ ಮೇಲೆ ನಿನ್ನ ಕನ್ನಡ ಅಕ್ಷರಗಳು ಮಾತು ಬಿಟ್ಟ ನೆಂಟರ ಹಾಗೆ ಒಂದೊಂದು ಒಂದೊಂದು ಕಡೆ ನೋಡುತ್ತಿವೆ. ಆದರೂ ಓದಿದೆ, ಎರಡು ಸಲ.

ಮದುವೆ ಮನೆಯಲ್ಲಿ ಆಡಿದ ಮಾತನ್ನೆಲ್ಲ ಗಂಟು ಕಟ್ಟಿಕೊಂಡು ಹೋಗಿದ್ದೀಯ. ಸೈರನ್ ಏನು ನಮ್ಮಪ್ಪ ತಂದುಕೊಟ್ಟ ಪೀಪಿಯೇ, ಬೇಕಾದಾಗ ಊದಲು? ಆದರೆ ಶನಿವಾರ ಮಧ್ಯಾಹ್ನ ಪರೀಕ್ಷೆಗೆಂದು ಹೇಗೂ ಒಂದು ಸಲ ಕೂಗಿಸುತ್ತೇವೆ. ಅದು ನಿನಗೇ ಎಂದುಕೋ. ನಿನ್ನ ಗಾರೆ ಮೇಸ್ತ್ರಿಗೂ ಹೇಳು.

ಈಗ ಕಿವಿಗೊಟ್ಟು ಕೇಳು. ಗಿರಣಿ ಮನೆಯ ಹತ್ತಿರ ದಾರಿ ಎರಡಾಗುತ್ತದೆ. ಮೇಲಿನದು ರೈಲು ದಾರಿ. ಕೆಳಗಿನದು ಹಿಂದಿನವರು ದೋಣಿಗೆ ಹಗ್ಗ ಕಟ್ಟಿ ದಡದಿಂದ ಎಳೆದುಕೊಂಡು ಹೋಗುತ್ತಿದ್ದ ದಾರಿ. ನೋಡಲು ಚೆಂದ. ಅದಕ್ಕೆ ಇಳಿಯಬೇಡಿ. ಹೊಳೆ ಸಣ್ಣಗಿದೆ ಎಂದು ಬರೆದಿದ್ದೀಯಲ್ಲ, ಅದು ಸಾಧುವಾಗಿದೆ ಎಂದಲ್ಲ, ನಾನು ಕಟ್ಟಿಹಾಕಿದ್ದೇನೆ ಎಂದು. ಪರೀಕ್ಷೆಗೆ ಒಂದು ಕೂಗು, ಗೇಟು ತೆರೆಯುವ ಮುಂಚೆ ಮೂರು. ಇದನ್ನು ನಿನಗೆ ಹೇಳಿಕೊಡಬೇಕಿಲ್ಲ. ತೊಟ್ಟಿಲಿನಿಂದಲೇ ಕೇಳಿದವಳು ನೀನು. ಆದರೆ ಅದಕ್ಕೆ ಒಂದು ದಿನವೂ ಎದ್ದವಳಲ್ಲ, ಅದೇ ನನ್ನ ಚಿಂತೆ.

ಇಲ್ಲಿ ಎಲ್ಲ ಸರಿಯಾಗಿದೆ. ಮೇಲಿನ ಗುಡ್ಡಗಳಲ್ಲಿ ಸ್ವಲ್ಪ ಮೋಡ. ಜೊತೆಯವನು ರಜೆ ಹಾಕಿದ್ದಾನೆ, ಆದ್ದರಿಂದ ಅವನ ಶಿಫ್ಟೂ ನನ್ನದೇ. ಹೆಲ್ಮೆಟ್ ಹಾಕಿಕೋ. ಕೂದಲು ಕೆಡುತ್ತದೆ ಎನ್ನಬೇಡ, ಮದುವೆ ಆಗಿಹೋಗಿದೆ.

ಅಕ್ಕ

*

ಗಿರಣಿ ಮನೆ
ಸೆಪ್ಟೆಂಬರ್ 5, ಶುಕ್ರವಾರ

ಮುದ್ದು ಅಕ್ಕಾ,

ನಿನ್ನ ಪತ್ರ ಬೆಳಿಗ್ಗೆಯೇ ಬಂತು! ಇವರಿಗೆ ಓದಿ ಹೇಳಿದೆ. ‘ಗಾರೆ ಮೇಸ್ತ್ರಿ’ ಎಂಬುದನ್ನು ಇನ್ನೊಮ್ಮೆ ಓದಿಸಿಕೊಂಡು ನಕ್ಕರು. ಕೆಳದಾರಿಯ ವಿಷಯ ಬಂದಾಗ ಮಾತ್ರ ನನ್ನ ಗಂಟಲು ತಾನಾಗಿಯೇ ಕೆಮ್ಮಿತು, ಆ ಸಾಲುಗಳನ್ನು ಹಾರಿಸಿಬಿಟ್ಟೆ. ಬೈಯಬೇಡ. ಪೂರ್ತಿ ಕೇಳು.

ಇವತ್ತು ಮೇಲಿನ ದಾರಿಯಲ್ಲೇ ಹೋದೆವು, ದೇವರಾಣೆ. ಗಿರಣಿ ಮನೆ ದಾಟಿ ಸ್ವಲ್ಪ ಮುಂದೆ ಸುರಂಗ. ಅದರ ವಿಷಯ ನೀನು ಬರೆದೇ ಇರಲಿಲ್ಲ. ಅಕ್ಕಾ, ಅದು ಬಾಗಿದೆ. ಇನ್ನೊಂದು ತುದಿಯ ಬೆಳಕು ಕಾಣುವುದೇ ಇಲ್ಲ. ಒಳಗಿನಿಂದ ತಣ್ಣನೆಯ ಗಾಳಿ, ಯಾರೋ ಬಾಯಿ ತೆರೆದು ಉಸಿರು ಬಿಡುತ್ತಿರುವ ಹಾಗೆ. ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಇವರು ಲೈಟ್ ಹಾಕಿಕೊಂಡು, “ಬಾರೇ, ಎರಡು ಹಾಡು ಹೇಳೋಷ್ಟರಲ್ಲಿ ಆಚೆ ಇರ್ತೀವಿ,” ಎಂದರು. ನನ್ನ ಕಾಲು ಪೆಡಲ್ ಮೇಲೆ ಏಳಲೇ ಇಲ್ಲ. ನಾನು ದಿನವಿಡೀ ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕೂತು, ನಡುಗುತ್ತಾ ಬರುವವರಿಗೆಲ್ಲ “ಏನೂ ಆಗಲ್ಲ, ಒಂದೇ ನಿಮಿಷ,” ಎಂದು ನಗುವವಳು. ನನಗೆ ಹಾಗೆ ಹೇಳುವವರು ಯಾರೂ ಇರಲಿಲ್ಲ. ಇವರಿಗೆ ಹೇಳಿಸಿಕೊಳ್ಳಲು ನಾಚಿಕೆ.

ಅದಕ್ಕೇ ಒಂದು ಕಥೆ ಕಟ್ಟಿದೆ. “ರೀ, ಕೆಳಗಡೆ ಮುರಿದ ಸೇತುವೆ ಇದೆಯಂತೆ. ಅದರ ಕಂಬದ ಬುಡದಲ್ಲಿ ಹಳೇ ಕಲ್ಲುಕುಟಿಗರ ಗುರುತುಗಳಿವೆಯಂತೆ. ನೀರು ಇಷ್ಟು ಕಡಿಮೆಯಾದಾಗ ಮಾತ್ರ ಕಾಣೋದಂತೆ. ನೋಡೋಣ ಬನ್ನಿ,” ಎಂದೆ. ನಿನ್ನೆ ಊಟದ ಹೊತ್ತಿನಲ್ಲಿ ಯಾರೋ ಮಾತಾಡಿದ್ದು ಕಿವಿಗೆ ಬಿದ್ದಿತ್ತು. ಇವರ ಮುಖ ನೋಡಬೇಕಿತ್ತು! ಮಕ್ಕಳಿಗೆ ಮಿಠಾಯಿ ತೋರಿಸಿದ ಹಾಗೆ. ತಾವೇ ಸೈಕಲ್ ತಿರುಗಿಸಿದರು. ಕೆಳದಾರಿ ಗುಡ್ಡವನ್ನು ಬಳಸಿಕೊಂಡು ಹೋಗಿ ಸುರಂಗದ ಆಚೆ ಮತ್ತೆ ಮೇಲಿನ ದಾರಿಗೆ ಸೇರುತ್ತದೆ. ನಾಳೆ ಬೆಳಿಗ್ಗೆ ಹೊರಡುತ್ತೇವೆ.

ಈ ಮನೆಯ ಯಜಮಾನಿ ಸಿಡುಕಿ. “ಕೆಳಗೆ ಹೋಗ್ತೀರಾ? ಹೋಗೋರನ್ನ ಹಿಡಿಯೋಕೆ ನನ್ನ ಹತ್ರ ಹಗ್ಗ ಇಲ್ಲ,” ಎಂದು ಲೋಟ ಕುಕ್ಕಿದಳು. ಇವರು ಕೇಳಿಸಿಕೊಳ್ಳಲಿಲ್ಲ, ಗುರುತು ತೆಗೆದುಕೊಳ್ಳಲು ಕಾಗದ ಸುರುಳಿ ಸುತ್ತುತ್ತಿದ್ದರು.

ಗೇಟು ಇರುವುದು ನಿನ್ನ ಕೈಯಲ್ಲಿ ತಾನೇ? ಎಲ್ಲ ಸರಿಯಾಗಿದೆ ಎಂದು ನೀನೇ ಬರೆದಿದ್ದೀಯ. ಮತ್ತೇನು? ನಾಳೆ ಮಧ್ಯಾಹ್ನ ಹೊಳೆಯ ನಡುವಿನ ಬಂಡೆಯ ಮೇಲೆ ಕೂತು ನಿನ್ನ ಹಾರೈಕೆಯ ಕೂಗಿಗೆ ಎರಡೂ ಕೈ ಬೀಸುತ್ತೇನೆ. ನೋಡು!

ನಿನ್ನ
ಗಿರಗಿಟ್ಲೆ

*

ಗೇಟ್ ಕಂಟ್ರೋಲ್ ರೂಮ್
ಸೆಪ್ಟೆಂಬರ್ 6, ಶನಿವಾರ ಸಂಜೆ

ತಂಗೀ,

ಇದನ್ನು ಗಿರಣಿ ಮನೆಗೆ ಕಳಿಸುತ್ತಿದ್ದೇನೆ. ನಿನ್ನ ವಿಳಾಸ ಎಂದು ನನಗೆ ಗೊತ್ತಿರುವುದು ಅದೊಂದೇ.

ನೀನು ಎಲ್ಲಿದ್ದೀಯ?

ನಿನ್ನ ಪತ್ರ ಬೆಳಿಗ್ಗೆ ಅಂಚೆಯಲ್ಲಿ ಬಂತು. ಮೇಲಿನಿಂದ ಗೇಟು ತೆರೆಯಲು ಹೇಳಿದ ಫೋನ್ ಅದಕ್ಕೂ ಮುಂಚೆ ಬಂದಿತ್ತು. ಸ್ವಲ್ಪ ಮೋಡ ಎಂದು ನಿನಗೆ ಬರೆದಿದ್ದೆ. ಸ್ವಲ್ಪ ಇರಲಿಲ್ಲ. ನಿನ್ನ ಖುಷಿಗೆ ಕಲ್ಲು ಹಾಕುವುದು ಬೇಡವೆಂದು ಹಾಗೆ ಬರೆದೆ. ಮೇಲಿನ ದಾರಿಯಲ್ಲಿ ಇರುತ್ತೀಯಲ್ಲ, ಎಷ್ಟು ನೀರು ಬಂದರೇನು ಎಂದುಕೊಂಡೆ.

ಪತ್ರ ಓದಿ ಗಿರಣಿ ಮನೆಗೆ ಫೋನ್ ಮಾಡಿದೆ. ಯಜಮಾನಿ ಎತ್ತಿದಳು. “ಬೆಳಿಗ್ಗೆನೇ ಇಳಿದು ಹೋದ್ರು. ನಗ್ತಾ ಹೋದ್ರು,” ಎಂದಳು. ಯಾರನ್ನಾದರೂ ಹಿಂದೆ ಕಳಿಸಿ ಎಂದೆ. “ಇಲ್ಲಿ ಯಾವ ಗಾಡಿ ಇದೆ ತಾಯಿ? ಓಡಿಕೊಂಡೇ ಹೋಗಬೇಕು,” ಎಂದಳು. ಮಗಳನ್ನು ಓಡಿಸಿದಳಂತೆ.

ಎಂಜಿನಿಯರಿಗೆ, ತಡೆಯಿರಿ ಸಾರ್, ನನ್ನ ತಂಗಿ ಕೆಳಗಿದ್ದಾಳೆ ಎಂದೆ. ಅವರು ಬೈಯಲಿಲ್ಲ. “ಎಷ್ಟು ಹೊತ್ತಮ್ಮ?” ಎಂದು ಕೇಳಿದರು. ಗೊತ್ತಿಲ್ಲ ಎಂದೆ. “ನೀರು ಕಟ್ಟೆ ಮೇಲೆ ಹತ್ತಿದ್ರೆ ಕೆಳಗಿನ ಪೇಟೆ, ಆಸ್ಪತ್ರೆ, ಎಲ್ಲ ಹೋಗತ್ತೆ. ನೀನು ಹೊರಗೆ ಕೂತ್ಕೋ, ನಾನು ತೆರೀತೀನಿ,” ಎಂದರು. ಅವರು ತೆರೆದಿದ್ದರೆ ಎಲ್ಲ ಗೇಟನ್ನೂ ಒಟ್ಟಿಗೆ ಎತ್ತುತ್ತಿದ್ದರು, ಅವರ ಕೈ ಅಂಥದು. ಬೇಡ, ನಾನೇ ತೆರೆಯುತ್ತೇನೆ ಎಂದೆ.

ಮೊದಲು ಸೈರನ್. ಗುಂಡಿಯ ಮೇಲೆ ಬೆರಳಿಟ್ಟಾಗ ಮಧ್ಯಾಹ್ನವಾಗಿತ್ತು. ಶನಿವಾರ. ಪರೀಕ್ಷೆಯ ಹೊತ್ತು. ಅದು ನಿನಗೇ ಎಂದುಕೋ ಎಂದು ನಾನೇ ಬರೆದಿದ್ದೆ. ಆಗ ನನಗೆ ಹೊಳೆಯಿತು, ಈಗ ನಾನು ಎಷ್ಟು ಕೂಗಿಸಿದರೂ ನಿನಗೆ ಅದು ಹಾರೈಕೆ. ಓಡು ಎಂದು ನಾನು ಅರಚುತ್ತೇನೆ, ನೀನು ಕೈ ಬೀಸುತ್ತೀಯ.

ಮೂರು ಕೂಗು ಮುಗಿದ ಮೇಲೂ ಬಿಡಲಿಲ್ಲ. ನಿಯಮ ಗಿಯಮ ನೋಡಲಿಲ್ಲ. ಮತ್ತೆ ಮತ್ತೆ ಒತ್ತಿದೆ, ಸೈರನ್ನಿನ ಮೋಟಾರು ಸುಟ್ಟು ಹೊಗೆ ಬರುವವರೆಗೆ. ಆಮೇಲೆ ಒಂದೇ ಗೇಟನ್ನು ಒಂದು ಗೇಣು ಎತ್ತಿದೆ. ಕಾದೆ. ಇನ್ನೊಂದು ಗೇಣು. ಎಂಜಿನಿಯರು ಹಿಂದೆ ನಿಂತು, “ಬೇಗ,” ಎಂದರು. ಮತ್ತೆ, “ಬೇಗಮ್ಮ.” ಕೊನೆಗೆ ಎಲ್ಲವನ್ನೂ ಎತ್ತಿದೆ.

ಒಂದು ಸಾಲು ಬರೆ. ಅಕ್ಷರ ಹೇಗಿದ್ದರೂ ಸರಿ.

ಅಕ್ಕ

*

ಗೇಟ್ ಕಂಟ್ರೋಲ್ ರೂಮ್
ಸೆಪ್ಟೆಂಬರ್ 7, ಭಾನುವಾರ

ತಂಗೀ,

ಕೆಳಗಿನ ಪೇಟೆಯಿಂದ ಫೋನ್ ಬಂತು. ಸೈಕಲ್ಲೊಂದು ದಡಕ್ಕೆ ಬಿದ್ದಿದೆಯಂತೆ. ಯಾವ ಬಣ್ಣ ಎಂದು ಕೇಳಿದೆ. “ಕೆಸರಿನ ಬಣ್ಣ,” ಎಂದರು. ಸರಿಯಾಗಿ ನೋಡಿ, ಹಳದಿಯಾ ಎಂದೆ. “ತೊಳೆದು ನೋಡಿ ಹೇಳ್ತೀವಿ,” ಎಂದು ಇಟ್ಟುಬಿಟ್ಟರು. ಕಾಯುತ್ತಾ ಕೂತಿದ್ದೇನೆ. ಕೈಗೆ ಕೆಲಸ ಬೇಕಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನೀನು ಸಣ್ಣವಳಿದ್ದಾಗ ಮಂಚದ ಕೆಳಗೆ ಅಡಗಿ ಕೂತು, ನಾನು ಹುಡುಕಿ ಸುಸ್ತಾಗಿ ಅಳುವವರೆಗೆ ಹೊರಗೆ ಬರುತ್ತಿರಲಿಲ್ಲ. ಈಗ ಅತ್ತಿದ್ದೇನೆ. ಬಾ ಹೊರಗೆ.

ಸಂಜೆ.

ಆಚೆ ದಡದ ಚಿಕಿತ್ಸಾಲಯದಿಂದ ಫೋನ್. ನರ್ಸ್ ಮಾತಾಡಿದಳು. ಇಬ್ಬರೂ ಇದ್ದೀರಿ. ನೆಲದ ಮೇಲೇ ಕೂತು ಕೇಳಿದೆ. ಅವನ ಕೈಗೆ ಪೆಟ್ಟಾಗಿದೆ ಎಂದಳು, ಎಷ್ಟು ಎಂದು ಹೇಳಲಿಲ್ಲ. ನಿನ್ನನ್ನು ಕೊಡಿ ಎಂದೆ. ಆಮೇಲೆ, “ಅವರು ಆಮೇಲೆ ಮಾತಾಡ್ತಾರಂತೆ,” ಎಂದಳು.

ಅರ್ಥವಾಯಿತು. ಗೇಟು ತೆರೆದದ್ದು ಯಾರು ಎಂದು ನಿನಗೆ ಗೊತ್ತಾಗಿದೆ. ನನ್ನ ದನಿ ಕೇಳುವ ಮನಸ್ಸಿಲ್ಲ. ಇರಲಿ. ನಾನು ಕ್ಷಮಿಸು ಎನ್ನುವುದಿಲ್ಲ, ಯಾಕೆಂದರೆ ನಾಳೆ ಮತ್ತೆ ಅಷ್ಟೇ ನೀರು ಬಂದರೆ ಮತ್ತೆ ತೆರೆಯುತ್ತೇನೆ. ಬದುಕಿದ್ದೀಯ, ಸಾಕು.

ಅಕ್ಕ

*

ಚಿಕಿತ್ಸಾಲಯ, ಆಚೆ ದಡ
ಸೆಪ್ಟೆಂಬರ್ 9, ಮಂಗಳವಾರ

ಅಕ್ಕಾ,

ನಾವು ಬದುಕಿದ್ದೇವೆ ಎಂದು ನರ್ಸಕ್ಕ ನಿನಗೆ ಹೇಳಿದಳಂತೆ. ಅವಳು ಫೋನನ್ನು ನನ್ನ ಕಡೆ ಚಾಚಿದಳು. ನಾನು ಗೋಡೆ ಕಡೆ ತಿರುಗಿಕೊಂಡೆ. ನೀನು ಒಂದೇ ಮಾತು ಕೇಳುತ್ತೀಯ ಎಂದು ಗೊತ್ತಿತ್ತು: “ಸೈರನ್ ಕೇಳಿಸಲಿಲ್ವೇನೇ?”

ಕೇಳಿಸಿತು ಅಕ್ಕಾ.

ನಾವು ಬಂಡೆಯ ಮೇಲಿದ್ದೆವು. ನಾನು ಬ್ರೆಡ್ಡಿಗೆ ಜಾಮ್ ಹಚ್ಚುತ್ತಿದ್ದೆ. ಇವರು ಅದೇ ಬಂಡೆಯ ಮೇಲೆ ನಿಂತ ಮುರಿದ ಸೇತುವೆಯ ಕಂಬದ ಬುಡದಲ್ಲಿ ಕೂತು ಒಂದು ಗುರುತಿನ ಮೇಲೆ ಕಾಗದ ಹಿಡಿದು ಇದ್ದಿಲು ಉಜ್ಜುತ್ತಿದ್ದರು. ಗುರುತು ಎಂದರೆ ಸಣ್ಣ ಮೀನು. ಯಾವ ಕಾಲದ ಕಲ್ಲುಕುಟಿಗನೋ ತನ್ನ ಕಲ್ಲು ಇದು ಎಂದು ಕೊರೆದಿದ್ದು. ಆಗ ಕೂಗಿತು. ನಾನು ಜಾಮಿನ ಚಮಚೆ ಹಿಡಿದುಕೊಂಡೇ ಎದ್ದು ಎರಡೂ ಕೈ ಬೀಸಿದೆ. “ಅಕ್ಕಾ!” ಎಂದು ಕೂಗಿದೆ. ಮತ್ತೆ ಕೂಗಿತು. ಮತ್ತೂ ಕೂಗಿತು.

ಇವರು ಎದ್ದು ನಿಂತರು. “ಮೂರು ಸಲ ಕೂಗ್ತು ಕಣೇ. ಮೂರಂದ್ರೆ ಏನೋ ಇದೆ ಅಲ್ವಾ?”

ನಾನು ನಕ್ಕೆ. ಅಣೆಕಟ್ಟೆಯ ಪಕ್ಕದ ಮನೆಯಲ್ಲಿ ಬೆಳೆದವಳು ನಾನು, ಇವರೇನು ನನಗೆ ಸೈರನ್ ಹೇಳಿಕೊಡುವುದು! “ಕೂಗಿದ್ದು ಒಂದೇ ರೀ, ಉಳಿದಿದ್ದು ಗುಡ್ಡ ಕೂಗಿದ್ದು. ಕಣಿವೆ ಅಲ್ವಾ, ಪ್ರತಿಧ್ವನಿ,” ಎಂದೆ. ಅದು ನಿಲ್ಲಲೇ ಇಲ್ಲ. ಕೂಗುತ್ತಲೇ ಇತ್ತು. ಇವರ ಮುಖ ಬಿಳುಚಿಕೊಂಡಿತು. “ಹೋಗೋಣ ಬಾ,” ಎಂದರು. ನಾನು ಏನು ಹೇಳಿದೆ ಗೊತ್ತೇ? ನನ್ನ ಕ್ಲಿನಿಕ್ಕಿನ ದನಿಯಲ್ಲಿ, ಅದೇ ನಗುವಿನಲ್ಲಿ, “ಏನೂ ಆಗಲ್ಲ. ನಮ್ಮಕ್ಕನಿಗೆ ಹುಚ್ಚು, ಸಿಕ್ಕಿದ್ದೇ ಸಾಕು ಅಂತ ಒತ್ತುತ್ತಾ ಇದ್ದಾಳೆ. ಕೂತ್ಕೊಳ್ಳಿ, ತಿನ್ನಿ.” ಅವರು ಕೂತರು. ನನ್ನನ್ನು ನಂಬಿ ಕೂತರು.

ಸೈರನ್ ನಿಂತಿತು. ಮೌನ. ನಾನು ಇನ್ನೊಂದು ಬ್ರೆಡ್ಡಿಗೆ ಜಾಮ್ ಹಚ್ಚಿದೆ.

ಆಮೇಲೆ ಇವರು ಮತ್ತೆ ಮೀನಿನ ಹತ್ತಿರ ಹೋದರು. ಮೀನು ಇರಲಿಲ್ಲ. ಅದು ಇದ್ದ ಜಾಗ ನೀರಿನೊಳಗಿತ್ತು. ಸದ್ದಿಲ್ಲ, ಅಲೆಯಿಲ್ಲ. ನಾನು ಪ್ರವಾಹವೆಂದರೆ ಗರ್ಜನೆ ಎಂದುಕೊಂಡಿದ್ದೆ. ಅದು ಬೆಕ್ಕಿನ ಹಾಗೆ ಬಂತು. ದಡಕ್ಕೂ ನಮಗೂ ನಡುವೆ ನಾವು ಕಾಲಿಟ್ಟು ಬಂದ ಕಲ್ಲುಗಳು ಒಂದೂ ಕಾಣಲಿಲ್ಲ.

ಕಂಬದಲ್ಲಿ ಸಾಲಾಗಿ ತೂತುಗಳಿವೆ, ಕಟ್ಟುವಾಗ ಅಟ್ಟಣಿಗೆಯ ಮರ ತೂರಿಸಿದ್ದ ತೂತು. ಇವರು ನನ್ನ ಕಾಲನ್ನು ಒಂದೊಂದಾಗಿ ಅದರಲ್ಲಿ ಇಟ್ಟು ಕೆಳಗಿನಿಂದ ದೂಡಿದರು. “ಕೆಳಗೆ ನೋಡ್ಬೇಡ, ಮುಂದಿನ ತೂತು ನೋಡು,” ಎನ್ನುತ್ತಲೇ ಇದ್ದರು. ನಾನು ಮೇಲಿನ ಕಟ್ಟೆ ಹಿಡಿದಾಗ ಒಂದು ಮರದ ದಿಮ್ಮಿ ತೇಲಿಕೊಂಡು ಬಂದು ಅವರ ಬಲಗೈಯನ್ನು ಕಲ್ಲಿಗೆ ಒತ್ತಿತು. ಅವರು ಕೂಗಲಿಲ್ಲ. ನಾನು ಕೂಗಿದೆ. ಸೇತುವೆಯ ಉಳಿದರ್ಧ ಆ ಕಂಬದಿಂದ ಆಚೆ ದಡಕ್ಕೆ ಸೇರಿಕೊಂಡೇ ನಿಂತಿದೆ. ಅಲ್ಲಿ ಸುಣ್ಣದ ಗೂಡಿನ ಕೆಲಸದವರು ನನ್ನ ಕೂಗು ಕೇಳಿ ಬಂದು ಹಗ್ಗ ಇಳಿಬಿಟ್ಟರು. “ನೀರು ನಿಧಾನಕ್ಕೆ ಏರ್ತು, ನಿಮ್ಮ ಪುಣ್ಯ. ಒಮ್ಮೆಗೇ ಬಿಟ್ಟಿದ್ರೆ ನಾವು ಹಗ್ಗ ಬಿಚ್ಚೋಷ್ಟರಲ್ಲಿ ಮುಗೀತಿತ್ತು,” ಎಂದ ಒಬ್ಬ. ಇಲ್ಲಿಗೂ ಗಾಡಿಯಿಲ್ಲ. ಇವರನ್ನು ಸುಣ್ಣದ ಚೀಲ ಹೊರುವ ಹಲಗೆಯ ಮೇಲೆ ಮಲಗಿಸಿ ಹೊತ್ತು ತಂದರು.

ಕೈ ಉಳಿದಿದೆ. ಆದರೆ ಬೆರಳುಗಳು ಮೊದಲಿನಂತೆ ಮಡಚುತ್ತವೋ ಇಲ್ಲವೋ ಡಾಕ್ಟರಿಗೂ ಗೊತ್ತಿಲ್ಲ. ಆ ಕೈಯೇ ಅಲ್ಲವೇ ಇವರ ಹೊಟ್ಟೆಪಾಡು, ಇವರ ಸಂತೋಷ, ಎಲ್ಲ?

ಇದು ಅಲ್ಲ ನಾನು ಹೇಳಬೇಕಾದದ್ದು. ಇದನ್ನು ಹೇಳಲು ಇಷ್ಟು ಬಳಸಿಕೊಂಡು ಬಂದೆ. ನಿನ್ನೆ ಇವರು ಕಣ್ಣು ಬಿಟ್ಟು ನನ್ನನ್ನು ನೋಡಿ ಅತ್ತರು. “ನನ್ನ ಕಲ್ಲಿನ ಹುಚ್ಚಿಗೆ ನಿನ್ನ ಪ್ರಾಣ ತೆಗೀತಿದ್ದೆ. ಕ್ಷಮಿಸಿಬಿಡು,” ಎಂದರು. ಕಲ್ಲಿನ ಆಸೆಯಿಂದ ತಾವೇ ನನ್ನನ್ನು ಕೆಳಗೆ ಕರೆತಂದದ್ದು ಎಂದುಕೊಂಡಿದ್ದಾರೆ. ಸುರಂಗ, ನಿನ್ನ ಪತ್ರದ ಆ ಸಾಲುಗಳು, ಯಾವುದೂ ಅವರಿಗೆ ಗೊತ್ತಿಲ್ಲ. ಅಕ್ಕಾ, ಅವರು ಕ್ಷಮೆ ಕೇಳಿದರು. ನಾನು ಕೊಟ್ಟುಬಿಟ್ಟೆ. “ಆಯ್ತು ಬಿಡಿ,” ಎಂದು ತಲೆ ಸವರಿದೆ.

ಹೊಳೆಗೆ ಹೆದರಿದ್ದಕ್ಕಿಂತ ಈಗ ಹೆಚ್ಚು ಹೆದರಿದ್ದೇನೆ. ಹೇಳಿದರೆ ಇವರು ನನ್ನನ್ನು ಬಿಟ್ಟುಬಿಡುತ್ತಾರೆ. ಹೇಳದಿದ್ದರೆ ಇವರು ಆ ಕೈ ನೋಡಿಕೊಂಡಾಗಲೆಲ್ಲ ತಮ್ಮನ್ನೇ ಬೈದುಕೊಳ್ಳುತ್ತಾರೆ, ನಾನು ಪಕ್ಕದಲ್ಲಿ ಕೂತು ನಗುತ್ತಿರುತ್ತೇನೆ. ಏನು ಮಾಡಲಿ, ಬೇಗ ಬರೆ.

ಇನ್ನೊಂದು. ಆ ದಿನ ಗೇಟಿನ ಹತ್ತಿರ ಇದ್ದದ್ದು ನೀನಲ್ಲ, ಅಲ್ಲವೇ? ಇವರೂ ಹಾಗೇ ಹೇಳುತ್ತಾರೆ, ನಿಮ್ಮಕ್ಕ ಆಗಿದ್ರೆ ತೆರೀತಿರ್ಲಿಲ್ಲ ಎಂದು. ಅಲ್ಲ ಎಂದು ಬರೆ.

ನಿನ್ನ ತಂಗಿ

*

ಗೇಟ್ ಕಂಟ್ರೋಲ್ ರೂಮ್
ಸೆಪ್ಟೆಂಬರ್ 10, ಬುಧವಾರ

ತಂಗೀ,

ನಾನೇ ಇದ್ದೆ. ನಿನ್ನ ಪತ್ರ ಓದಿಯೇ ತೆರೆದೆ. ಹೇಗೆ, ಏನು ಎಂದು ಗಿರಣಿ ಮನೆಗೆ ಎರಡು ಪತ್ರ ಬರೆದಿದ್ದೇನೆ, ಅವರು ನಿನಗೆ ಕಳಿಸಿರುತ್ತಾರೆ ಎಂದುಕೊಂಡಿದ್ದೆ, ತಲುಪಿಲ್ಲವೆಂದು ಈಗ ಗೊತ್ತಾಯಿತು. ತರಿಸಿಕೊಂಡು ಓದು. ನೀನು ಫೋನಿಗೆ ಬಾರದ್ದು ಅದಕ್ಕೇ ಎಂದುಕೊಂಡು ಮೂರು ದಿನ ಒದ್ದಾಡಿದೆ. ನೀನು ನೋಡಿದರೆ ಬೇರೆಯೇ ಕಾರಣಕ್ಕೆ ಗೋಡೆ ನೋಡಿದ್ದೀಯ. ನಾವಿಬ್ಬರೂ ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ್ದು ಸುಳ್ಳಲ್ಲ.

ಅವನಿಗೆ ಈಗಲೇ ಏನೂ ಹೇಳಬೇಡ. ಕೈಯ ಕಟ್ಟು ಬಿಚ್ಚಲಿ. ಗಾಯದ ಮೇಲೆ ಗಾಯ ಮಾಡಬೇಡ. ಗಂಡಸರಿಗೆ ತಾವೇ ತಪ್ಪು ಮಾಡಿದೆವು ಎನ್ನುವುದರಲ್ಲಿ ಸ್ವಲ್ಪ ಹೆಮ್ಮೆಯೂ ಇರುತ್ತದೆ, ಇಟ್ಟುಕೊಳ್ಳಲಿ. ನಿಧಾನವಾಗಿ, ಒಂದೊಂದೇ ಗೇಣು. ನಿನ್ನ ಬಾಯಿ ಮಾತ್ರ ಎಲ್ಲ ಗೇಟನ್ನೂ ಒಟ್ಟಿಗೆ ಎತ್ತುತ್ತದೆ ಎಂಬುದು ನನಗೆ ಗೊತ್ತು. ಅದಕ್ಕೇ ಹೆದರಿ ಬರೆಯುತ್ತಿದ್ದೇನೆ.

ಜೊತೆಯವನು ರಜೆಯಿಂದ ಬಂದ ಕೂಡಲೇ ಹೊರಟು ಬರುತ್ತೇನೆ. ನಡೆದಾದರೂ ಬರುತ್ತೇನೆ.

ಅಕ್ಕ

*

ಚಿಕಿತ್ಸಾಲಯ
ಸೆಪ್ಟೆಂಬರ್ 12, ಶುಕ್ರವಾರ

ಅಕ್ಕಾ,

ನಿನ್ನ ಮೂರು ಪತ್ರಗಳೂ ಇವತ್ತು ಒಟ್ಟಿಗೆ ಬಂದವು. ಗಿರಣಿ ಮನೆಯ ಯಜಮಾನಿ ಹಳೆಯವೆರಡನ್ನು ಮಗಳ ಕೈಯಲ್ಲಿ ಕಳಿಸಿದ್ದಳು. ಆ ಹುಡುಗಿಯೇ ಆ ದಿನ ನಮ್ಮನ್ನು ಕರೆಯಲು ಕೆಳದಾರಿಯಲ್ಲಿ ಓಡಿಬಂದವಳು. ದಾರಿ ಮುಳುಗಿದ್ದು ನೋಡಿ ವಾಪಸ್ ಓಡಿದಳಂತೆ. ಅವಳ ಮುಖ ನೋಡಲು ನನಗೆ ಆಗಲಿಲ್ಲ. ನನ್ನ ನಗುವಿಗೆ ಅವಳನ್ನೂ ಬಲಿ ಕೊಡುತ್ತಿದ್ದೆ.

ನೀನು ಗೇಟು ಎತ್ತಿದ್ದನ್ನು ಓದಿದೆ. ಗೇಣು ಗೇಣಾಗಿ ಎತ್ತಿದ್ದನ್ನೂ ಓದಿದೆ. ಸುಣ್ಣದ ಗೂಡಿನವನು ಪುಣ್ಯ ಎಂದದ್ದು ಯಾವುದಕ್ಕೆ ಎಂದು ಆಗ ತಿಳಿಯಿತು. ನಿಜ ಹೇಳಲೇ? ನಿನ್ನ ಬಗ್ಗೆ ನನಗೆ ಹೆದರಿಕೆಯಾಯಿತು. ನನ್ನ ತಲೆ ಬಾಚಿ, ಊಟ ಮಾಡಿಸಿದ ಕೈ ಅದು. ನಾನು ನಿನ್ನ ಜಾಗದಲ್ಲಿ ಇದ್ದಿದ್ದರೆ ಗುಂಡಿಯ ಮೇಲೆ ಬಿದ್ದು ಅಳುತ್ತಿದ್ದೆ, ಕೆಳಗಿನ ಪೇಟೆ ಕೊಚ್ಚಿಹೋಗುತ್ತಿತ್ತು. ನೀನು ಬಂದಾಗ ಸ್ವಲ್ಪ ಹೊತ್ತು ನನ್ನನ್ನು ಮುಟ್ಟಬೇಡ. ಆಮೇಲೆ ಮುಟ್ಟು.

ಇವರಿಗೆ ಹೇಳಬೇಡ ಎಂದು ಬರೆದಿದ್ದೀಯ. ನಿನ್ನ ಪತ್ರ ಬಂದದ್ದು ಸಂಜೆ. ನಾನು ಬೆಳಿಗ್ಗೆಯೇ ಹೇಳಿಬಿಟ್ಟಿದ್ದೆ.

ಡಾಕ್ಟರು ಕಟ್ಟು ಬದಲಿಸಿ ಹೋಗಿದ್ದರು. ಇವರು ಬೆರಳು ಆಡಿಸಲು ನೋಡಿದರು. ಹೆಬ್ಬೆರಳು ಮಾತ್ರ ಅಲ್ಲಾಡಿತು. ಅದನ್ನೇ ನೋಡುತ್ತಾ, “ನನಗೆ ಸರಿಯಾದ ಶಾಸ್ತಿ,” ಎಂದು ನಕ್ಕರು. ಆ ನಗು ನನ್ನ ಕ್ಲಿನಿಕ್ಕಿನ ನಗುವಿನ ಹಾಗೇ ಇತ್ತು. ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಸುರಂಗದ ಬಾಯಲ್ಲಿ ನಡುಗಿದ್ದು, ಕಲ್ಲಿನ ಕಥೆ ಕಟ್ಟಿದ್ದು, ನಿನ್ನ ಪತ್ರ ಓದುವಾಗ ಕೆಮ್ಮಿದ್ದು, ಮೂರು ಕೂಗು ಮೂರೇ ಎಂದು ನನಗೂ ಒಳಗೆಲ್ಲೋ ಅನುಮಾನ ಬಂದದ್ದು. ಹೌದು, ಬಂದಿತ್ತು. ನಿನಗೂ ಅದನ್ನು ಬರೆದಿರಲಿಲ್ಲ. ಇಷ್ಟು ದೂರ ಕರೆತಂದು ಈಗ ಹೆದರಿದೆ ಎಂದರೆ ಎಲ್ಲ ಬಯಲಾಗುತ್ತದೆ ಎಂದು ನಕ್ಕುಬಿಟ್ಟೆ.

ಪಕ್ಕದ ಹಾಸಿಗೆಯ ಅಜ್ಜ ಕೆಮ್ಮುವುದನ್ನು ನಿಲ್ಲಿಸಿದ. ಆಮೇಲೆ ಇವರು ಕೇಳಿದರು, “ನಾನು ಕ್ಷಮಿಸು ಅಂದಾಗ ನೀನು ಏನಂದೆ?”

“ಆಯ್ತು ಬಿಡಿ ಅಂದೆ.”

“ಆ ಕ್ಷಮೆ ವಾಪಸ್ ಕೊಡು.”

ಹೇಗೆ ಕೊಡುವುದು ಅಕ್ಕಾ? ಇವರು ಎಡಗೈಯಿಂದ ಗೋಡೆ ಹಿಡಿದುಕೊಂಡು ಎದ್ದು, ಬೂಟಿನೊಳಗೆ ಕಾಲು ತೂರಿಸಿದರು. ಲೇಸ್ ಕಟ್ಟಲು ನರ್ಸಕ್ಕನನ್ನು ಕರೆದರು. ನಾನು ಎದುರಿಗೇ ಇದ್ದೆ, ನನ್ನನ್ನು ಕರೆಯಲಿಲ್ಲ. ಅವಳು ಕಟ್ಟಿದಳು. ಇವರು ಹೊರಗೆ ಹೋದರು.

ಮಧ್ಯಾಹ್ನವಾಯಿತು. ಬರಲಿಲ್ಲ. ಕಿಟಕಿಯಿಂದ ದಾರಿ ಕಾಣುತ್ತದೆ, ಇದರಲ್ಲೂ ಗಾಡಿಯೊಂದೂ ಓಡುವುದಿಲ್ಲ. ಹೋದವರು ಎಷ್ಟು ದೂರ ಹೋದರೆಂದು ಕೇಳಲು ಒಬ್ಬರೂ ಸಿಗುವುದಿಲ್ಲ. ನರ್ಸಕ್ಕ ಊಟದ ತಟ್ಟೆ ಇಟ್ಟು, “ಕಾಲು ಚೆನ್ನಾಗೇ ಇದೆಯಲ್ಲ, ನಡೀಲಿ ಬಿಡಿ. ಹೊಟ್ಟೆ ಹಸಿದ್ರೆ ಕೋಪ ತಾನೇ ವಾಪಸ್ ಕರ್ಕೊಂಡು ಬರತ್ತೆ,” ಎಂದಳು. ನಾನು ತಿನ್ನಲಿಲ್ಲ. ಸಂಜೆ ನಿನ್ನ ಪತ್ರಗಳು ಬಂದವು. ಓದಿದೆ. ಈ ಪತ್ರ ಶುರು ಮಾಡಿದೆ. ಹೊಳೆಯ ನಡುವೆ ಕಂಬ ಹಿಡಿದಿದ್ದಾಗ ಕೆಳಗಿನಿಂದ ಒಂದು ದನಿ, ಮುಂದಿನ ತೂತು ನೋಡು ಎನ್ನುತ್ತಿತ್ತು. ಈಗ ಆ ದನಿಯೂ ಇಲ್ಲ. ಇಷ್ಟು ಹೆದರಿಕೆ ನನಗೆ ಯಾವತ್ತೂ ಆಗಿಲ್ಲ.

ಬಾಗಿಲ ಸದ್ದು.

ಇವರೇ. ಬಂದರು. ನಾನು ತಲೆಯೆತ್ತಲಿಲ್ಲ, ಬರೆಯುತ್ತಲೇ ಇದ್ದೇನೆ, ನಿಲ್ಲಿಸಿದರೆ ಅಳುತ್ತೇನೆ. ಬೂಟಿನ ತುಂಬ ಕೆಸರು. ಹಾಸಿಗೆಯ ಅಂಚಿನಲ್ಲಿ ಕೂತರು. ಒಂದೇ ಕೈಯಲ್ಲಿ ಲೇಸ್ ಎಳೆಯುತ್ತಿದ್ದಾರೆ, ನೆನೆದ ಗಂಟು, ಬಿಚ್ಚುತ್ತಿಲ್ಲ. ನರ್ಸಕ್ಕ ಬಾಗಿಲಲ್ಲೇ ನಿಂತಿದ್ದಾಳೆ. ಇವರು ಅವಳನ್ನು ಕರೆಯಲಿಲ್ಲ.

ನನ್ನ ಮುಖ ನೋಡಲಿಲ್ಲ ಅಕ್ಕಾ. ಕಾಲನ್ನು ಮಾತ್ರ ನನ್ನ ಕಡೆ ಚಾಚಿದ್ದಾರೆ.

ಪೆನ್ನು ಇಡುತ್ತೇನೆ.